ಸೂಚನಾ ಪತ್ರ ಕೇಳಿದ ಗ್ರಾಹಕನ ದೂರು

ಗೆ,
ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ

ವಿಷಯ: ಕಳೆನಾಶಕದ ಜೊತೆ ಸೂಚನಾ ಪತ್ರ ನೀಡದಿರುವುದು ಮತ್ತು ಕೇಳಿದ್ದಕ್ಕೆ ಅವಮಾನಿಸಿದ ಬಗ್ಗೆ.

ಮಾನ್ಯರೇ,

ರಾಣೆಬೆನ್ನೂರು ತಾಲ್ಲೂಕಿನಲ್ಲಿ ನನ್ನದು ನಾಲ್ಕು ಎಕರೆ ಗೋವಿನಜೋಳ. ಅಗಲ ಎಲೆಯ ಕಸಕ್ಕೆಂದು ಜುಲೈ ಮೊದಲ ವಾರ ನಿಮ್ಮ ಕಂಪನಿಯ 2,4-ಡಿ ಕಳೆನಾಶಕದ ಬಾಟಲಿಯನ್ನು ರಸೀದಿ ಸಮೇತ ಕೊಂಡೆ. ಡಬ್ಬಿಯಲ್ಲಿ ಸೂಚನಾ ಪತ್ರವಿರಲಿಲ್ಲ. ಬಾಟಲಿಯ ಮೇಲೆ ಬಿತ್ತನೆಯ ಎಷ್ಟನೇ ದಿನ, ಎಕರೆಗೆ ಎಷ್ಟು, ಎಷ್ಟು ನೀರಿಗೆ ಎಂದು ಬರೆದಿರುವ ಜಾಗದ ಮೇಲೆಯೇ ಬೆಲೆಯ ಚೀಟಿ ಅಂಟಿಸಲಾಗಿತ್ತು. ಸ್ಪಷ್ಟವಾಗಿ ಕಾಣುತ್ತಿದ್ದುದು ವಿಷದ ಮಟ್ಟ ತೋರಿಸುವ ವಜ್ರಾಕಾರದ ಗುರುತೊಂದೇ. 1968ರ ಕೀಟನಾಶಕ ಕಾಯ್ದೆ ಕಳೆನಾಶಕಕ್ಕೂ ಅನ್ವಯಿಸುತ್ತದೆ, 1971ರ ನಿಯಮಗಳ ಪ್ರಕಾರ ಪ್ರತಿ ಡಬ್ಬಿಯಲ್ಲೂ ಪ್ರಾದೇಶಿಕ ಭಾಷೆಯ ಪತ್ರವಿರಬೇಕು, ಲೇಬಲ್ಲಿನ ಅಕ್ಷರಗಳನ್ನು ಯಾರೂ ಮರೆಮಾಡುವಂತಿಲ್ಲ ಎಂಬುದನ್ನು ನಿಮಗೆ ನಾನು ಹೇಳಿಕೊಡಬೇಕಿಲ್ಲ.

ನನ್ನ ಹೊಲದ ಮೂಡಣ ಬದುವಿಗೆ ಹೊಂದಿಕೊಂಡೇ ದೊಡ್ಡಪ್ಪನ ಮಗನ ಹತ್ತಿಯಿದೆ. ಈ ಔಷಧಿಯ ತುಂತುರು ತಾಗಿದರೆ ಹತ್ತಿಯ ಎಲೆ ಬೆಂಡೆಯ ಎಲೆಯಂತೆ ಸೀಳುತ್ತದೆಂದು ಬಲ್ಲೆ. ಆದ್ದರಿಂದಲೇ ಅಂದಾಜಿನಲ್ಲಿ ಹೊಡೆಯಲು ಮನಸ್ಸಾಗದೆ ನಿಮ್ಮ ಸಹಾಯವಾಣಿಗೆ ಮೂರು ಸಲ ವಿನಯದಿಂದಲೇ ಕರೆ ಮಾಡಿದೆ. ಮೂರು ಸಲವೂ ‘ಕಳಿಸುತ್ತೇವೆ’ ಎಂದರು.

ನಾಲ್ಕನೆಯ ಕರೆಯಲ್ಲಿ, ‘ನಿಮ್ಮ ಕರೆ ನಮಗೆ ಅಮೂಲ್ಯ’ ಎಂಬುದನ್ನು ಹನ್ನೊಂದು ನಿಮಿಷ ಕೇಳಿದ ಬಳಿಕ, ನಿಮ್ಮ ಸಿಬ್ಬಂದಿ ಮೊದಲು ಕೇಳಿದ್ದು, “ಯಜಮಾನ್ರೇ, ನಿಮಗೆ ಓದೋಕೆ ಬರುತ್ತಾ?” ಎಂದು. ಬರುತ್ತದೆ, ಅದಕ್ಕೇ ಕಾಗದ ಕೇಳುತ್ತಿದ್ದೇನೆ ಎಂದೆ. “ಪಂಪಿನ ಕ್ಯಾನಿಗೆ ಎರಡು ಮುಚ್ಚಳ ಔಷಧಿ ಹಾಕಿ, ಕಸ ಜಾಸ್ತಿ ಇದ್ರೆ ಮೂರು.” ಕ್ಯಾನು ಎಷ್ಟು ಲೀಟರಿನದೆಂದು ನೀವು ಕೇಳಲೇ ಇಲ್ಲವಲ್ಲ ಎಂದೆ. “ಎಲ್ಲಾ ಒಂದೇ.” ಇದೇ ಪಂಪಿನಲ್ಲಿ ಮುಂದೆ ಮೆಣಸಿನ ಗಿಡಕ್ಕೆ ಬೇರೆ ಔಷಧಿ ಹೊಡೆಯಬಹುದೇ ಎಂದೆ. “ನೀರಲ್ಲಿ ಅಲ್ಲಾಡಿಸಿ ಚೆಲ್ಲಿ.” ಹತ್ತಿಯ ವಿಷಯ ಎತ್ತಿದಾಗ, “ಗಾಳಿ ಆ ಕಡೆ ಹೋಗದಂಗೆ ನೋಡ್ಕೊಳ್ಳಿ” ಎಂಬ ಉತ್ತರ ಬಂತು. ಆಷಾಢದ ಗಾಳಿಗೆ ತಿಳಿಹೇಳುವ ವಿದ್ಯೆ ನಿಮ್ಮ ಕಂಪನಿಯಲ್ಲಿ ಇದ್ದರೆ ಅದನ್ನೂ ಬಾಟಲಿಯಲ್ಲಿ ತುಂಬಿ ಮಾರಬಹುದು. ಕೊನೆಗೆ ಆತ ಪಕ್ಕದವರಿಗೆ, “ಲೇಬಲ್ ಓದೋ ರೈತ ಒಬ್ಬರು ಸಿಕ್ಕಿದಾರೆ ನೋಡ್ರೋ” ಎಂದದ್ದೂ, ಇಬ್ಬರ ನಗುವೂ ಕೇಳಿಸಿತು. ನನಗೆ ಕಿವಿ ಮಂದವಾದ್ದರಿಂದ ಫೋನು ಸ್ಪೀಕರಿನಲ್ಲಿತ್ತು. ಬದುವಿನ ಮೇಲೆ ಬುತ್ತಿ ಬಿಚ್ಚಿಕೊಂಡು ಕುಳಿತಿದ್ದ ಐವರು ಆಳುಗಳೂ ಕೇಳಿಸಿಕೊಂಡರು. ಅವರಲ್ಲೊಬ್ಬಳು ಮುಖ ತಿರುಗಿಸಿ ನಕ್ಕಳು. ಅವಳದು ತಪ್ಪಲ್ಲ.

ಅಷ್ಟರಲ್ಲಿ ಬೆಳೆ ಮೊಣಕಾಲಿನ ಮೇಲೆ ಬಂದಿತ್ತು. ಔಷಧಿ ಹೊಡೆಯುವ ಆಸೆ ಬಿಟ್ಟು, ಸಾಲುಗಳ ನಡುವೆ ಎರಡು ಸಲ ಎಡೆಕುಂಟೆ ಹೊಡೆಸಿ, ಉಳಿದ ಕಸವನ್ನು ಕೂಲಿ ಕೊಟ್ಟು ಕೀಳಿಸಿದೆ.

ಬಾಟಲಿಯ ಹಣ ಮತ್ತು ಆ ಕೂಲಿಯನ್ನು ಮರಳಿಸಬೇಕೆಂದು ಕೇಳಲು ಈ ಪತ್ರ ಆರಂಭಿಸಿದ್ದೆ. ಈಗ ಅದೂ ಬೇಡವೆನಿಸುತ್ತಿದೆ. ಸೀಲು ಒಡೆಯದ ಬಾಟಲಿ, ಅದರ ಮೇಲಿನ ಚೀಟಿ ಮತ್ತು ರಸೀದಿ ನನ್ನಲ್ಲಿ ಭದ್ರವಾಗಿವೆ. ಹದಿನೈದು ದಿನಗಳೊಳಗೆ ಲಿಖಿತ ಉತ್ತರ ಬಾರದಿದ್ದರೆ ಬಾಟಲಿ ಕೀಟನಾಶಕ ಪರಿವೀಕ್ಷಕರ ಮೇಜಿನ ಮೇಲೂ, ದೂರು ಜಿಲ್ಲಾ ಗ್ರಾಹಕರ ಆಯೋಗದಲ್ಲೂ ಇರುತ್ತದೆ. ಕರೆಯನ್ನು ಧ್ವನಿಮುದ್ರಿಸಲಾಗುತ್ತದೆ ಎಂದು ಆರಂಭದಲ್ಲಿ ನೀವೇ ಎಚ್ಚರಿಸಿದ್ದಿರಿ. ನಾನೂ ಮುದ್ರಿಸಿಕೊಂಡಿದ್ದೇನೆ, ನಗು ಸಮೇತ.

ಇಂತಿ,
ಲೇಬಲ್ ಓದುವ ರೈತ