ಅಕ್ಕನ ಪಾಲು

ಎವಾನ್ಸ್‌ವಿಲ್, ಇಂಡಿಯಾನಾ, ಅಮೆರಿಕ

ತೀರ್ಥರೂಪು ಅಪ್ಪಾಜಿಯವರಿಗೆ ಸಾಷ್ಟಾಂಗ ನಮಸ್ಕಾರಗಳು. ಇತ್ತ ಕ್ಷೇಮ. ಕಾಗದ ತಲುಪಿತು. ಫೋನಿನಲ್ಲಿ ತೋಟದಲ್ಲಿ ಅಕ್ಕನ ಪಾಲಿನ ಮಾತೆತ್ತಿದರೆ ‘ತಡಿ, ಅವ್ವಗೆ ಕೊಡ್ತೀನಿ’ ಅಂತೀರಿ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಅವ್ವನ ಚಿಂತೆ ಮುಗಿಸುತ್ತೇನೆ. ದೆವ್ವದ ಲೈಬ್ರರಿಗೆ ಹೋಗಬೇಡ ಅಂದಳಂತೆ, ಯಾರು ಕಿವಿಗೆ ಹಾಕಿದರೋ! ವಿಲ್ಲಾರ್ಡ್ ಲೈಬ್ರರಿ 1885ರಲ್ಲಿ ಬಾಗಿಲು ತೆರೆದ ಕೆಂಪಿಟ್ಟಿಗೆ ಕಟ್ಟಡ. ಇಷ್ಟಕ್ಕೇ ಇವರಿಗೆ ಇದು ಪುರಾತನ. ನಮ್ಮ ದುರ್ಗದ ಕೋಟೆ ತೋರಿಸಿದರೆ ಏನಂತಾರೋ. 1937ರಲ್ಲಿ ರಾತ್ರಿ ಹೊತ್ತು ನೆಲಮಾಳಿಗೆಯ ಒಲೆಗೆ ಕಲ್ಲಿದ್ದಲು ಹಾಕಲು ಇಳಿದ ಜವಾನನಿಗೆ ಬೂದು ಬಟ್ಟೆಯ ಹೆಂಗಸು ಕಂಡಳಂತೆ. ಅವತ್ತಿನಿಂದ ‘ಗ್ರೇ ಲೇಡಿ’ ಅಂತಲೇ ಹೆಸರು. ಯಾರೂ ಇಲ್ಲದ ಕಡೆ ಸೆಂಟಿನ ವಾಸನೆ ಬರುತ್ತದೆ ಅಂತಾರೆ. ಮಂತ್ರವಾದಿಯನ್ನು ಕರೆಸೋದು ಬಿಟ್ಟು 1999ರಲ್ಲಿ ಕ್ಯಾಮೆರಾ ಹಾಕಿಸಿದರು! ಮನೆಯಲ್ಲೇ ಕೂತು ಇಂಟರ್ನೆಟ್ಟಿನಲ್ಲಿ ದೆವ್ವ ಕಾಯಬಹುದು. ನನ್ನ ಮೂಗಿಗೆ ಹಳೇ ಪುಸ್ತಕದ ವಾಸನೆ ಬಿಟ್ಟು ಬೇರೇನೂ ಬಡಿದಿಲ್ಲ. ಕತ್ತಲಾಗೋದರೊಳಗೆ ರೂಮು ಸೇರುತ್ತೇನೆ, ಹೊಟ್ಟೆ ತುಂಬ ಉಣ್ಣುತ್ತೇನೆ, ವಿಭೂತಿಯೂ ಬ್ಯಾಗಿನಲ್ಲಿದೆ.

ಆ ಹೆಂಗಸು ಯಾರು ಅಂತ ಮಾತ್ರ ಕೇಳಿ ಅಪ್ಪಾಜಿ. ಆಸ್ತಿಯನ್ನು ಲೈಬ್ರರಿಗೆ ಬಿಟ್ಟುಕೊಟ್ಟ ಸಾಹುಕಾರ ವಿಲ್ಲಾರ್ಡ್ ಕಾರ್ಪೆಂಟರ್‌ನ ಮಗಳು ಲೂಯಿಸ್ ಅಂತ ಇಲ್ಲಿನವರ ನಂಬಿಕೆ. ಕಟ್ಟಡ ಮುಗಿಯುವ ಮುಂಚೆಯೇ, 1883ರಲ್ಲಿ ಆತ ತೀರಿಕೊಂಡ. ಅಪ್ಪನ ಬುದ್ಧಿ ಸ್ಥಿಮಿತದಲ್ಲಿರಲಿಲ್ಲ ಅಂತ ಮಗಳು ಟ್ರಸ್ಟಿಗಳ ಮೇಲೆ ದಾವೆ ಹೂಡಿ ಸೋತಳು. 1908ರಲ್ಲಿ ಅವಳೂ ಹೋದಳು. ಸತ್ತ ಮೇಲೂ ತನ್ನದನ್ನು ಕೇಳಿಕೊಂಡು ತಿರುಗುತ್ತಾಳಂತೆ.

ನಮ್ಮ ಅಕ್ಕ ಕೋರ್ಟಿಗೆ ಹೋಗಿಲ್ಲ, ಪಡಸಾಲೆಯಲ್ಲಿ ನಿಮ್ಮೆದುರು ಕೂತು ಕೇಳಿದ್ದಾಳೆ. ‘ಮದುವೇಲಿ ಹಾಕಿದ ಬಂಗಾರ ಸಾಲದಾ’ ಅಂತ ಬರೆದಿದ್ದೀರಿ. ಚನ್ನಗಿರಿ ತೋಟ ಅಜ್ಜನ ಕಾಲದ್ದು. 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ಆದಮೇಲೆ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. ಚಿಕ್ಕಪ್ಪನ ಮಾತು ಕೇಳಿ ಅರಿಶಿನ ಕುಂಕುಮಕ್ಕೆ ಅಂತ ಒಂದಿಷ್ಟು ಕೊಟ್ಟು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಬೇಡಿ. ಬಾವಿ ಪಕ್ಕದ ತೋಟ ಅವಳಿಗಿರಲಿ. ಅಲ್ಲಿನ ಅಡಿಕೆ ಸಸಿಗೆ ಕೊಡದಲ್ಲಿ ನೀರು ಹೊತ್ತವಳು ಅವಳು. ನಾನು ಬದುವಿನ ಮೇಲೆ ಕೂತು ಪುಸ್ತಕ ಹಿಡಿದಿರುತ್ತಿದ್ದೆ. ಈ ಸಲ ಫಸಲನ್ನು ಖೇಣಿ ಗುತ್ತಿಗೆಗೆ ಕೊಡುವ ಮೊದಲೇ ವಿಭಾಗ ಪತ್ರ ಆಗಲಿ. ನನ್ನ ಸಹಿ ಬೇಕಾದರೆ ಪವರ್ ಆಫ್ ಅಟಾರ್ನಿ ಕಳಿಸುತ್ತೇನೆ. ನನ್ನ ಫೀಸಿನ ಚಿಂತೆ ಬೇಡವೇ ಬೇಡ, ಕಾಲೇಜಿನಲ್ಲೇ ಕೆಲಸವಿದೆ, ದುಡ್ಡು ಸಾಕಾಗಿ ಉಳಿಯುತ್ತದೆ.

ಬಿಪಿ ಮಾತ್ರೆ ತಪ್ಪಿಸಬೇಡಿ. ನೀವು ಸಿಟ್ಟಿಗೆ ಊಟ ಬಿಟ್ಟರೆ ಅವ್ವನೂ ಉಪವಾಸ. ಕ್ಲಾಸಿಗೆ ಹೊತ್ತಾಯಿತು. ಭಾವನಿಗೆ ಕೇಳಿದೆ ಅಂತ ಹೇಳಿ.

ನಿಮ್ಮ ಮಗ,
ಮಂಜು