ಗೆಳೆಯನಿಗೊಂದು ಪತ್ರ: ‘ವಿವೇಚನೆಯಿಂದ’ ಅಂದ್ರೆ ಎಂತ?

ಏ ಮಾರಾಯ,

ನಿನ್ನ ಆಂಟಿಬಯೋಟಿಕ್ ಪಾಂಪ್ಲೆಟನ್ನು ಕಂಪ್ಯೂಟರ್ ಇಂಗ್ಲಿಷಿಂದ ಕನ್ನಡಕ್ಕೆ ಮಾಡಿದ ಅನುವಾದ ಓದಿ ಬಸ್ಸಲ್ಲೇ ನಗು ಬಂತು, ಹಂಪನಕಟ್ಟೆಯಲ್ಲಿ ಇಳಿಯುವವರೆಗೂ ಪಕ್ಕದವರು ನನ್ನನ್ನೇ ನೋಡ್ತಿದ್ರು. ಇಂಗ್ಲಿಷಲ್ಲಿ ‘ಜುಡಿಶಿಯಸ್‌ಲಿ’ ಅಂತ ಇದ್ದಲ್ಲಿ ಆಂಟಿಬಯೋಟಿಕನ್ನು ‘ನ್ಯಾಯಯುತವಾಗಿ’ ಬಳಸಿ ಅಂದ್ರೆ ಓದಿದವ ಮಾತ್ರೆಯನ್ನು ಮನೆಯವರಿಗೆಲ್ಲ ಸಮಪಾಲು ಮಾಡಿ ಹಂಚಿಯಾನು! ಕಂಪ್ಯೂಟರನ್ನು ಬೈದು ಪ್ರಯೋಜನ ಇಲ್ಲ, ಆ ಜುಡಿಶಿಯಸ್‌ಲಿಯೂ ಜಡ್ಜ್ ಅನ್ನೋ ಶಬ್ದವೂ ಒಂದೇ ಲ್ಯಾಟಿನ್ ಬೇರಿಂದ ಬಂದದ್ದು, ಅದು ಸೀದಾ ಕೋರ್ಟಿಗೆ ಹೋಗಿ ಕೂತಿದೆ.

ನಮ್ಮಲ್ಲಿ ಅದಕ್ಕೆ ‘ವಿವೇಚನೆಯಿಂದ’ ಅಂತ ಉಂಟು. ಕಿಟೆಲ್ ಡಿಕ್ಷನರಿ ಪಕ್ಕದಲ್ಲಿ ಇಟ್ಕೊಂಡೇ ಬರೀತಿದ್ದೇನೆ (1894ರಲ್ಲಿ ನಮ್ಮ ಮಂಗಳೂರಲ್ಲೇ ಪ್ರಿಂಟ್ ಆದದ್ದು, ಬೆಂಗಳೂರಲ್ಲಿ ಕೂತವರಿಗೆ ಇದನ್ನು ಹೇಳದೆ ನನಗೆ ಊಟ ಸೇರುದಿಲ್ಲ). ವಿವೇಕ, ವಿವೇಚನೆ ಎರಡೂ ಸಂಸ್ಕೃತದ ‘ವಿಚ್’ ಧಾತುವಿನ ಮಕ್ಕಳು, ಬೇರೆ ಬೇರೆ ಮಾಡು, ಕೇರು ಅಂತ ಅರ್ಥ. ಕೇರು ಅಂದ ಕೂಡ್ಲೆ ಅಮ್ಮ ಅಂಗಳದಲ್ಲಿ ಗೆರಸೆ ಹಿಡ್ಕೊಂಡು ಕೂತದ್ದು ನೆನಪಾಯ್ತು, ಹಾಗೊಮ್ಮೆ ಎತ್ತಿ ಹಾಕಿದ್ರೆ ಹೊಟ್ಟು ಹಾರಿ ಹೋಗ್ತದೆ, ಸ್ವಲ್ಪ ವಾಲಿಸಿ ತಟ್ಟಿದ್ರೆ ನುಚ್ಚು ಒಂದು ಕಡೆ ಕಲ್ಲು ಒಂದು ಕಡೆ, ನುಚ್ಚನ್ನೂ ಬಿಸಾಡ್ಲಿಕ್ಕಿಲ್ಲ, ಅದು ಕೋಳಿಗೆ.

ಈಗ ನೋಡಿದ್ರೆ ಈ ಶಬ್ದ ಬರೀ ‘ಕಮ್ಮಿ’ ಅನ್ನುವಲ್ಲಿಗೆ ಇಳಿದಿದೆ. ಬೇಸಿಗೆಯಲ್ಲಿ ತುಂಬೆ ಡ್ಯಾಮಿನ ನೀರು ಇಳಿದ ಕೂಡ್ಲೆ ನಮ್ಮ ಫ್ಲ್ಯಾಟಿನ ಲಿಫ್ಟಲ್ಲಿ ‘ನೀರನ್ನು ವಿವೇಚನೆಯಿಂದ ಬಳಸಿ’ ಅಂತ ಚೀಟಿ. ನೀರಿಗೆ ಅದು ನಡೀತದೆ, ಮದ್ದಿಗೆ ನಡೆಯುದಿಲ್ಲ. ವೈರಸ್ಸಿನ ಶೀತಕ್ಕೆ ಆಂಟಿಬಯೋಟಿಕ್ ಒಂದೂ ಬೇಡ, ಬ್ಯಾಕ್ಟೀರಿಯಾದ ಸೋಂಕಿಗೆ ಡಾಕ್ಟರ್ ಐದು ದಿನ ಅಂದ್ರೆ ಐದೂ ದಿನ ಬೇಕು, ಜ್ವರ ಬಿಟ್ಟಿತು ಅಂತ ಎರಡನೇ ದಿನಕ್ಕೆ ನಿಲ್ಲಿಸಿ ಉಳಿದದ್ದನ್ನು ಮುಂದಿನ ಮಳೆಗಾಲಕ್ಕೆ ಅಂತ ಡಬ್ಬಿಯಲ್ಲಿ ಇಟ್ಟವ (ನಾನೇ, ಎರಡು ಸಲ) ಕಮ್ಮಿ ತಿಂದದ್ದು ಹೌದು, ವಿವೇಚನೆ ಎಲ್ಲಿ ಬಂತು?

‘ಜಾಗ್ರತೆಯಿಂದ’ ಅಂತ ಹಾಕಿದ್ರೂ ಸರಿ ಹೋಗುದಿಲ್ಲ, ಜಾಗ್ರತೆಯವ ಹೆದರಿ ಮುಟ್ಟುದೇ ಇಲ್ಲ. ತಾಳಮದ್ದಳೆಯಲ್ಲಿ (ವೇಷ ಇಲ್ಲದೆ ಕೂತು ಮಾತಲ್ಲೇ ನಡೆಸುವ ಯಕ್ಷಗಾನ) ಪಾತ್ರದ ಮಾತು ಆಡುವ ಒಳ್ಳೆ ಅರ್ಥಧಾರಿಗಳು ಇರ್ತಾರಲ್ಲ, ನೂರು ಶ್ಲೋಕ ಬಾಯಿಗೆ ಬರ್ತದೆ, ಆದ್ರೆ ಎದುರಿನವ ಹೇಳಿದ ಮಾತಿಗೆ ಕೂತುಕೊಳ್ಳುವ ಒಂದನ್ನೇ ತೆಗೀತಾರೆ, ಅದು ವಿವೇಚನೆ.

ನನ್ನನ್ನು ಕೇಳಿದ್ರೆ ನಿನ್ನ ಪಾಂಪ್ಲೆಟಿಗೆ ಈ ದೊಡ್ಡ ಶಬ್ದವೇ ಬೇಡ. ‘ಡಾಕ್ಟರ್ ಹೇಳಿದ್ರೆ ಮಾತ್ರ, ಹೇಳಿದಷ್ಟೇ, ಹೇಳಿದಷ್ಟು ದಿನ’ ಅಂತ ಹಾಕು. ಕ್ರಿಯಾವಿಶೇಷಣ ಎಲ್ಲಿ ಹೋಯ್ತು ಅಂತ ಬಾಸ್ ಬೊಬ್ಬೆ ಹಾಕಿದ್ರೆ ನನ್ನ ಹೆಸರು ಹೇಳ್ಬೇಡ. ಪ್ರೂಫ್ ಬಂದ್ರೆ ವಾಟ್ಸಾಪ್ ಮಾಡು, ಅಮ್ಮನಿಗೆ ಓದಿ ಹೇಳ್ತೇನೆ, ಕೇರ್ಲಿಕ್ಕೆ ಉಳಿದದ್ದಿದ್ರೆ ಅಮ್ಮನೇ ಕೇರ್ಲಿ.

ಇತಿ,
ನಿನ್ನ ಕುಡ್ಲದವ