ಫ್ಲಾಂಬರೋದ ಆ ಅಜ್ಜನಿಗೆ
ಕಳೆದ ನವೆಂಬರ್. ಇಂಗ್ಲೆಂಡಿನ ಯಾರ್ಕ್‌ಷೈರ್ ಕರಾವಳಿಯ ಫ್ಲಾಂಬರೋ ಹೆಡ್. 1806ರ ದೀಪಸ್ತಂಭದ ಆಚೆ, ಸೀಮೆಸುಣ್ಣದ ಬಿಳಿ ಬಂಡೆಯ ಮೇಲಿನ ಹುಲ್ಲಲ್ಲಿ ಕೂತಿದ್ದೆ. ಉತ್ತರದ ಗಾಳಿ, ಅಡ್ಡ ಮಳೆ. ನೋಡಬೇಕಿದ್ದದ್ದು ಲಿಟಲ್ ಆಕ್. ಆರ್ಕ್ಟಿಕ್‌ನ ಹಕ್ಕಿ, ನಮ್ಮ ಮೈನಾಕ್ಕಿಂತಲೂ ಚಿಕ್ಕದು. ಇಂಥ ಗಾಳಿ ಬೀಸಿದಾಗಲೇ ಅದು ದಡದ ಹತ್ತಿರ ಬರೋದು ಜಾಸ್ತಿ. ಆದರೆ ನನ್ನ ಬೈನಾಕ್ಯುಲರ್ ಪೂರ್ತಿ ಮಬ್ಬಾಗಿತ್ತು. ಬೆರಳು ಮರಗಟ್ಟಿ ಫೋಕಸ್ ಚಕ್ರ ತಿರುಗಿಸಲೂ ಆಗಲಿಲ್ಲ. ಹೊರಟುಬಿಡೋಣ ಅಂತ ಎದ್ದೆ.

ಪಕ್ಕದಲ್ಲಿದ್ದ ನೀವು ಏನೂ ಕೇಳಲಿಲ್ಲ. ಜೇಬಿನಿಂದ ಒಣ ಕೈಗವಸು ತೆಗೆದುಕೊಟ್ಟಿರಿ. ಫ್ಲಾಸ್ಕಿನ ಮುಚ್ಚಳಕ್ಕೆ ಚಹಾ ಬಗ್ಗಿಸಿದಿರಿ. ಆಮೇಲೆ ನಿಮ್ಮ ಟೆಲಿಸ್ಕೋಪಿನ ಮೂರು ಕಾಲನ್ನೂ ಒಂದೊಂದಾಗಿ ನನ್ನ ಕಣ್ಣಿನ ಎತ್ತರಕ್ಕೆ ಇಳಿಸಿ, ಗಾಜನ್ನು ಕರ್ಚೀಫಿನಿಂದ ಮೆಲ್ಲಗೆ ಒರೆಸಿದಿರಿ.

"ಎಡಗಡೆ, ಅಲೆಯ ನೆತ್ತಿ ಮೇಲೆ" ಅಂದಿರಿ.

ಬಂತು! ಕಪ್ಪು-ಬಿಳುಪಿನ ಪುಟ್ಟ ಉಂಡೆ. ರೆಕ್ಕೆ ಎಷ್ಟು ಬೇಗ ಬಡಿಯುತ್ತಿತ್ತೆಂದರೆ ಬರೀ ಮಸುಕು. ಅಲೆಯ ಹಿಂದೆ ಮರೆಯಾಗಿ ಮತ್ತೆ ಎದ್ದು ದಕ್ಷಿಣಕ್ಕೆ ಹೋಯಿತು. ನನ್ನ ಕಣ್ಣು ತುಂಬಿತ್ತು. ನೀವು ಸುಮ್ನೆ ಗಾಳಿ ಬರುವ ಕಡೆಗೆ ಸರಿದು ಕೂತು, ನನಗೆ ಗಾಳಿ ತಾಗದಂತೆ ಅಡ್ಡವಾದಿರಿ.

ಬಸ್ಸಿನ ಅವಸರದಲ್ಲಿ ಹೆಸರು ಕೇಳಲಿಲ್ಲ. ಕೈಗವಸು ಇನ್ನೂ ನನ್ನ ಹತ್ತಿರವೇ ಇದೆ, ಒಗೆದು ಮಡಚಿಟ್ಟಿದ್ದೇನೆ. ತುಂಬಾ ಥ್ಯಾಂಕ್ಸ್, ಅಜ್ಜಾ.